ಯಾರೂ ನೋಡದ ಕಂತು

ಹತ್ತನೇ ಸ್ಥಾನದಿಂದ ಎರಡನೇ ಸ್ಥಾನದವರೆಗೆ ಒಂದೊಂದಕ್ಕೂ ಕಿತ್ತಾಡಿದವರು, ಒಂದನೇ ಸ್ಥಾನಕ್ಕೆ ಬಂದಾಗ ಮಾತ್ರ ಎದುರು ಮಾತಿಲ್ಲದೆ ಒಪ್ಪಿಬಿಟ್ಟರು. ಸೂಜಿಯಕ್ಕನ ಎದೆ ಧಸಕ್ಕೆಂದದ್ದು ಆಗಲೇ.

ಭಾನುವಾರದ ಮಧ್ಯಾಹ್ನ. ಉಗಿಯಕ್ಕನ ಎರಡು ಕೋಣೆಯ ಮನೆಯಲ್ಲಿ ನಾಲ್ವರು ಗೆಳತಿಯರು ಚಹಾದ ಲೋಟ ಹಿಡಿದು ಕೂತಿದ್ದರು. ನಾಲ್ವರೂ ಒಂದು ಕಾಲಕ್ಕೆ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದವರು. ಅಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ರೂಢಿಯೇ ಇರಲಿಲ್ಲ. ಮಾಡುವ ಕೆಲಸವೇ ಹೆಸರು. ಬೆಡ್‌ಶೀಟುಗಳನ್ನು ನುಂಗಿ ಇಸ್ತ್ರಿ ಮಾಡಿ ಆ ಕಡೆ ಉಗುಳುವ ಬಿಸಿ ರೋಲರಿನ ಮುಂದೆ ಇಪ್ಪತ್ತೆರಡು ವರ್ಷ ನಿಂತವಳು ಉಗಿಯಕ್ಕ. ಉಗುಳಿದ್ದನ್ನು ಆ ತುದಿ ಈ ತುದಿ ಹಿಡಿದು ಮಡಿಸುತ್ತಿದ್ದ ಜೋಡಿಯಲ್ಲಿ ಎತ್ತರದವಳು ಉದ್ದಿ, ಕುಳ್ಳಿ ಗಿಡ್ಡಿ. ಹರಿದ ಬೆಡ್‌ಶೀಟು, ಗುಂಡಿ ಕಿತ್ತುಹೋದ ರೋಗಿಗಳ ಅಂಗಿ, ದಿಂಬಿನ ಚೀಲಗಳನ್ನು ಹೊಲಿಯುತ್ತಿದ್ದವಳು ಸೂಜಿಯಕ್ಕ. ನಿವೃತ್ತಿಯಾದ ಮೇಲೆ ಸಂಬಳ ನಿಂತಿತು, ಈ ಹೆಸರುಗಳು ನಿಲ್ಲಲಿಲ್ಲ.

ಅವರು ಜಗಳವಾಡುತ್ತಿದ್ದದ್ದು ‘ಮೂರನೇ ಮಹಡಿ’ಯ ಬಗ್ಗೆ. ಹತ್ತೊಂಬತ್ತು ವರ್ಷ, ನಾಲ್ಕೂವರೆ ಸಾವಿರ ಕಂತು ಓಡಿದ ಆ ಧಾರಾವಾಹಿ ಹೋದ ತಿಂಗಳು ಮುಗಿದಿತ್ತು. ಎರಡೇ ಮಹಡಿಯ ಒಂದು ಹಳೇ ವಸತಿಗೃಹ. ಸಂಜೆ ಏಳೂವರೆಯಾದರೆ ಸಾಕು, ಅದರ ಮೆಟ್ಟಿಲು ಇನ್ನೊಂದು ಸುತ್ತು ಬೆಳೆಯುತ್ತದೆ, ಇಲ್ಲದ ಮೂರನೇ ಮಹಡಿಗೆ ಸತ್ತವರು ಬಂದು ಇಳಿದುಕೊಳ್ಳುತ್ತಾರೆ. ಸೊಂಟದಲ್ಲಿ ಕೀಲಿಗೊಂಚಲು ಸಿಕ್ಕಿಸಿಕೊಂಡ ಕೀಲಿಯಮ್ಮ ಪ್ರತಿಯೊಬ್ಬರನ್ನೂ ಕೇಳುವುದು ಒಂದೇ ಪ್ರಶ್ನೆ: “ಏನು ಬಿಟ್ಟು ಬಂದೆ?” ಅದನ್ನು ತೀರಿಸಿಕೊಟ್ಟ ಮೇಲೆಯೇ ಅವರಿಗೆ ಕೋಣೆ. ಈಗ ಚಾನೆಲ್ಲಿನವರು ಅಭಿಮಾನಿಗಳ ಮೆಚ್ಚಿನ ಹತ್ತು ಕಂತುಗಳ ಪಟ್ಟಿ ಕೇಳಿದ್ದರು. ಒಳ್ಳೆಯ ಪಟ್ಟಿಗಳನ್ನು ಟೀವಿಯಲ್ಲಿ ಓದುತ್ತಾರಂತೆ. ಒಂದೇ ಷರತ್ತು, ಪ್ರತಿ ಕಂತಿನ ಮುಂದೆ ಅದರ ಸಂಖ್ಯೆ ಬರೆಯಬೇಕು.

“ಅವಳಿ ದೆವ್ವದ್ದು ನಾಲ್ಕನೇದು,” ಎಂದಿದ್ದಳು ಗಿಡ್ಡಿ.

“ನಾಲ್ಕಾ? ನಿನ್ನ ತಲೆ! ಆ ಅವಳಿಯಲ್ಲಿ ಒಂದರ ಮೀಸೆ ಅರ್ಧ ಕಿತ್ತು ಬಂದು ನೇತಾಡ್ತಿತ್ತು.”

“ದೆವ್ವದ ಮೀಸೆ ಗಟ್ಟಿಯಾಗೇ ಇರಬೇಕು ಅಂತ ಯಾವ ಪುಸ್ತಕದಲ್ಲಿದೆ?”

“ಸತ್ತ ಮೇಲಾದರೂ ಮೀಸೆಗೆ ವಿಶ್ರಾಂತಿ ಬೇಡವೇನೇ ಉದ್ದಿ, ಬಿಡು,” ಎಂದು ಉಗಿಯಕ್ಕ ರಾಜಿ ಮಾಡಿಸಿದ್ದಳು.

ಪೆನ್ನು ಹಿಡಿದು ಬರೆಯುತ್ತಿದ್ದವಳು ಪುಟ್ಟಿ, ಉಗಿಯಕ್ಕನ ತಂಗಿಯ ಮಗಳು. ಇಪ್ಪತ್ತೈದರ ಹುಡುಗಿ. ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುವ ಕೆಲಸ ಸಿಕ್ಕಿ, ನಾಲ್ಕು ತಿಂಗಳಿಂದ ದೊಡ್ಡಮ್ಮನ ಮನೆಯಲ್ಲಿದ್ದಳು. ಅವಳಿಗೆ ಧಾರಾವಾಹಿ ಅಷ್ಟಕ್ಕಷ್ಟೆ. ಆದರೆ ಕೈಗೆ ತೆಗೆದುಕೊಂಡ ಕೆಲಸವನ್ನು ಕೂದಲು ಸೀಳಿದ ಹಾಗೆ ಮಾಡುವವಳು. ಇವರು ಕತೆಯ ಒಂದು ತುಣುಕು ಹೇಳುವಷ್ಟರಲ್ಲಿ ಫೋನಿನಲ್ಲಿ ಹುಡುಕಿ ಸಂಖ್ಯೆ ಹಾಕಿಬಿಡುತ್ತಿದ್ದಳು.

“ಇನ್ನು ಒಂದನೇದು,” ಎಂದಳು ಪುಟ್ಟಿ.

“ಅದರಲ್ಲಿ ಕೇಳೋದೇನಿದೆ? ಲೋಟದ ಎಪಿಸೋಡು!” ಮೂವರೂ ಒಟ್ಟಿಗೆ ಹೇಳಿದರು.

“ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತೆ,” ಗಿಡ್ಡಿ ತೋಳು ಚಾಚಿ ತೋರಿಸಿದಳು. “ನೋಡಿ, ನೋಡಿ, ಕೂದಲು ನಿಂತಿದೆ.”

“ಅವತ್ತು ರೋಲರ್ ಆಫ್ ಮಾಡಿ ಕೇಳಿದ್ವಿ ಕಣೇ,” ಎಂದಳು ಉದ್ದಿ. “ಸೂಪರ್‌ವೈಸರ್ ಬಂದು ಬೈಯೋಕೆ ನಿಂತವನು ತಾನೂ ಕೇಳ್ತಾ ನಿಂತುಬಿಟ್ಟ. ಏನ್ ಹೇಳಿದಳು ಸೂಜಿ ಅವತ್ತು!”

ಎಲ್ಲರೂ ಸೂಜಿಯಕ್ಕನ ಕಡೆ ತಿರುಗಿದರು. ಅವಳು ಲೋಟದ ತಳದಲ್ಲಿ ಉಳಿದಿದ್ದ ಚಹಾವನ್ನು ನೋಡುತ್ತಿದ್ದಳು.

“ಸಂಖ್ಯೆ ಎಷ್ಟು ಚಿಕ್ಕಮ್ಮ?” ಎಂದು ಪುಟ್ಟಿ ಕೇಳಿದಳು. “ಇದೊಂದು ಮಾತ್ರ ನನಗೆ ಸಿಕ್ತಾ ಇಲ್ಲ.”

ಸಿಗುವುದಾದರೂ ಹೇಗೆ? ಅಂಥ ಕಂತೇ ಇರಲಿಲ್ಲ.

*

ಆ ಕಾಲದಲ್ಲಿ ಸಂಗತಿ ಹೀಗಿತ್ತು. ಉಗಿಯಕ್ಕ, ಉದ್ದಿ, ಗಿಡ್ಡಿ ಮೂವರದೂ ಮಧ್ಯಾಹ್ನ ಎರಡರಿಂದ ಹತ್ತರ ಪಾಳಿ. ಧಾರಾವಾಹಿ ಬರುವ ಹೊತ್ತಿಗೆ ಅವರು ಉಗಿಯ ನಡುವೆ ಬೆವರುತ್ತಿರುತ್ತಿದ್ದರು. ಸೂಜಿಯಕ್ಕ ಬೆಳಿಗ್ಗೆ ಬಂದು ಆರಕ್ಕೆ ಮನೆಗೆ ಹೋಗುವವಳು. ಅವಳು ರಾತ್ರಿ ನೋಡಿದ್ದನ್ನು ಮರುದಿನ ಮೂರೂವರೆಯ ಚಹಾಕ್ಕೆ ಇವರಿಗೆ ಹೇಳಬೇಕು. ಮೊದಮೊದಲು ನಾಲ್ಕು ಮಾತಲ್ಲಿ ಹೇಳುತ್ತಿದ್ದಳು. ಬರಬರುತ್ತ ಕೀಲಿಯಮ್ಮನ ಗೊಗ್ಗರು ದನಿ, ಮೆಟ್ಟಿಲಿನ ಕಿರುಗುಟ್ಟು, ದೆವ್ವದ ನಿಟ್ಟುಸಿರು ಎಲ್ಲವೂ ಅವಳ ಬಾಯಲ್ಲೇ ಬರತೊಡಗಿದವು. ಮನೆಯಲ್ಲಿ ಗಂಡನ ಮುಂದೆ ಎರಡು ಮಾತಾಡಿದರೆ “ಆಯ್ತಾ ನಿನ್ನ ಪುರಾಣ?” ಅನ್ನಿಸಿಕೊಳ್ಳುತ್ತಿದ್ದವಳಿಗೆ, ಇಲ್ಲಿ ಮೂರು ಜನ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಆ ರುಚಿ ಸಣ್ಣದಲ್ಲ. ನಾಲ್ಕು ವರ್ಷದಲ್ಲಿ ಒಂದೇ ಒಂದು ದಿನವೂ ಅವಳು ‘ನಿನ್ನೆ ನೋಡಲಿಲ್ಲ’ ಅಂದವಳಲ್ಲ.

ಆ ದಿನ ಅನ್ನಬೇಕಾಗಿತ್ತು. ಹಿಂದಿನ ಸಂಜೆ ಅವರ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟೇ ಇರಲಿಲ್ಲ.

ಚಹಾದ ಹೊತ್ತಿಗೆ ಸ್ವಲ್ಪ ಮುಂಚೆ ಆಫೀಸಿನ ಫೋನಿಗೆ ಉಗಿಯಕ್ಕನ ತಂಗಿಯ ಗಂಡ ಕರೆ ಮಾಡಿದ್ದ. ಉಗಿಯಕ್ಕ ಮಾತಾಡಿ ಬಂದು, ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತಲೇ ಇದ್ದಳು.

“ತಂಗಿಗೆ ಹುಷಾರಿಲ್ಲವಂತೆ. ಜ್ವರ ಬಿಡ್ತಾ ಇಲ್ಲವಂತೆ. ಬಂದು ನೋಡಿಕೊಂಡು ಹೋಗು ಅಂದ.”

“ಅವಳೇ ಹೇಳಿ ಕಳಿಸಿದಳಾ?” ಎಂದು ಗಿಡ್ಡಿ ಕೇಳಿದಳು.

“ಅವಳು ಯಾಕೆ ಹೇಳ್ತಾಳೆ? ಗಂಡ ಹೇಳಿದ.”

ಅಕ್ಕತಂಗಿಯರಿಗೆ ನಾಲ್ಕು ವರ್ಷದಿಂದ ಮಾತಿರಲಿಲ್ಲ. ತಂಗಿ ಹೊಸ ಮನೆಗೆ ಹೋದ ದಿನ ನೆಂಟರಿಷ್ಟರ ನಡುವೆ ಬಡಿಸಲು ಎದ್ದ ಅಕ್ಕನಿಗೆ, “ನೀನು ಮುಟ್ಟಬೇಡ, ಆಸ್ಪತ್ರೆ ಬಟ್ಟೆ ಮುಟ್ಟಿದ ಕೈ,” ಎಂದಿದ್ದಳು. ಹತ್ತು ಜನರ ಮುಂದೆ. ಉಗಿಯಕ್ಕ ಕೈ ತೊಳೆದುಕೊಂಡು, ಊಟವನ್ನೂ ಮಾಡದೆ ಬಸ್ಸು ಹತ್ತಿದ್ದಳು.

“ರಜೆ ಕೇಳಲೋ ಬೇಡವೋ ಅಂತ,” ಎಂದಳು ಉಗಿಯಕ್ಕ. “ಹೋದರೆ ಒಂದು ವಾರವಂತೂ ಆಗುತ್ತೆ. ಏನಂತೀಯ ಸೂಜಿ?”

ಸೂಜಿಯಕ್ಕನಿಗೆ ಆ ಗಳಿಗೆಯಲ್ಲಿ ತಂಗಿಯೂ ಕಾಣಲಿಲ್ಲ, ಜ್ವರವೂ ಕಾಣಲಿಲ್ಲ, ರೋಲರ್ ಕಂಡಿತು. ಉಗಿಯಕ್ಕ ರಜೆ ಹಾಕಿದರೆ ರೋಲರಿಗೆ ನಿಲ್ಲಬೇಕಾದವಳು ಇವಳೇ. ಬೆಳಗಿನ ಪಾಳಿಯ ರೋಲರಿನವಳನ್ನು ಬಿಟ್ಟರೆ ಬೇರೆ ಯಾರಿಗೂ ಆ ಕೆಲಸ ಬರುತ್ತಿರಲಿಲ್ಲ. ಹಿಂದೊಮ್ಮೆ ಹಾಗೆ ನಿಂತಾಗ ಮೊಣಕೈವರೆಗೆ ಸುಟ್ಟುಕೊಂಡು ತಿಂಗಳುಗಟ್ಟಲೆ ನರಳಿದ್ದಳು. ಮೇಲಾಗಿ ಪಾಳಿ ಬದಲಾಗುತ್ತದೆ. ಶನಿವಾರ ಸಂಜೆ ಮಗಳ ಶಾಲೆಯ ವಾರ್ಷಿಕೋತ್ಸವ. ಹತ್ತು ವರ್ಷದ ಮಗಳು ನಾಟಕದಲ್ಲಿ ಮರದ ಪಾತ್ರ ಮಾಡುವವಳಿದ್ದಳು. ಒಂದು ಮಾತೂ ಇಲ್ಲದ ಪಾತ್ರ, ಕೈ ಮೇಲೆತ್ತಿಕೊಂಡು ನಿಂತಿರಬೇಕು ಅಷ್ಟೆ. “ಅಮ್ಮಾ, ನೀನು ಬರಲೇಬೇಕು,” ಎಂದು ಮರ ಹದಿನೈದು ದಿನದಿಂದ ಹಟ ಹಿಡಿದಿತ್ತು.

“ಮೊದಲು ಕತೆ ಕೇಳು, ಆಮೇಲೆ ಯೋಚನೆ ಮಾಡುವಿಯಂತೆ,” ಎಂದಳು ಸೂಜಿಯಕ್ಕ.

ಬಾಯಿ ತೆರೆಯುವಾಗ ಅವಳಿಗೆ ಮುಂದಿನ ಮಾತು ಗೊತ್ತಿರಲಿಲ್ಲ. ನೀರಡಿಸಿದ ಒಬ್ಬ ಅಣ್ಣ ಮೂರನೇ ಮಹಡಿಗೆ ಬಂದ ಎಂದಳು. ಕೀಲಿಯಮ್ಮ ಎಷ್ಟು ಸಲ ಲೋಟ ತುಂಬಿಕೊಟ್ಟರೂ ಅವನ ತುಟಿಗೆ ತಾಗುವ ಮೊದಲೇ ಬರಿದಾಗುತ್ತದೆ ಎಂದಳು. ತಮ್ಮನ ಜೊತೆ ಮಾತು ಬಿಟ್ಟು ಸತ್ತವನು ಅವನು. ‘ತಮ್ಮನ ಕನಸಿಗೆ ಹೋಗಿ ಬರಲೇನಮ್ಮ?’ ಎಂದು ಕೇಳುತ್ತಾನೆ. ಆಗ ಕೀಲಿಯಮ್ಮ ಗೊಂಚಲನ್ನು ಝಲ್ಲೆನಿಸಿ ಹೇಳುತ್ತಾಳೆ: ‘ಹೋಗಬೇಡ. ತಪ್ಪು ಆಡಿದ ಬಾಯಿ ಮೊದಲು ಬರಬೇಕು. ಬರೋ ಜೀವ ತಾನಾಗೇ ಬರುತ್ತೆ. ನೀನು ಲೋಟ ತುಂಬಿಟ್ಟು ಕಾಯಿ.’ ಅವನು ಕಾಯುತ್ತಾನೆ. ಕೊನೆಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಲೋಟದ ನೀರು ಹಾಗೇ ನಿಂತಿರುತ್ತದೆ.

ಮುಗಿಸಿದಾಗ ಗಿಡ್ಡಿ ಅಳುತ್ತಿದ್ದಳು. ಉಗಿಯಕ್ಕ “ಸರಿ ಮತ್ತೆ,” ಎಂದು ಎದ್ದು ರೋಲರಿನ ಸ್ವಿಚ್ ಹಾಕಿದಳು. ರಜೆ ಕೇಳಲಿಲ್ಲ.

ಶನಿವಾರ ಮಗಳು ಮರವಾಗಿ ನಿಂತಳು. ಸೂಜಿಯಕ್ಕ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದಳು. ಒಂಬತ್ತನೇ ದಿನ ಆಫೀಸಿಗೆ ಇನ್ನೊಂದು ಫೋನ್ ಬಂತು.

ತಂಗಿ ಸಾಯುವಷ್ಟು ಕಾಯಿಲೆಯವಳೆಂದು ಯಾರಿಗೆ ಗೊತ್ತಿತ್ತು? ಈ ಮಾತನ್ನು ಸೂಜಿಯಕ್ಕ ಹದಿನೈದು ವರ್ಷದಲ್ಲಿ ತನಗೆ ತಾನೇ ಸಾವಿರ ಸಲ ಹೇಳಿಕೊಂಡಿದ್ದಳು. ಹೇಳಿಕೊಂಡಷ್ಟೂ ಅದು ಹಳೇ ಬೆಡ್‌ಶೀಟಿನ ಹಾಗೆ ಸವೆಯುತ್ತ ಬಂದಿತ್ತು, ಆಚೆಯದೆಲ್ಲ ಕಾಣುತ್ತಿತ್ತು.

*

“ಸಂಖ್ಯೆ ಯಾರಿಗೆ ನೆನಪಿರುತ್ತೆ ಪುಟ್ಟಿ,” ಎಂದಳು ಸೂಜಿಯಕ್ಕ ಈಗ. “ಅದನ್ನ ಬಿಟ್ಟುಬಿಡಿ. ಕನ್ನಡಿಯೊಳಗಿನ ಸೊಸೆ ಇದೆಯಲ್ಲ, ಅದನ್ನೇ ಒಂದನೇದು ಮಾಡಿ. ಅದೇನು ಕಮ್ಮಿಯಾ?”

“ಬಿಡೋದಾ?” ಉಗಿಯಕ್ಕನಿಗೆ ಸಿಟ್ಟು ಬಂತು. “ಬೇರೆ ಒಂಬತ್ತನ್ನೂ ಬೇಕಾದರೆ ಬಿಡ್ತೀನಿ. ಇದನ್ನ ಬಿಡಲ್ಲ. ನಾನು ಅದನ್ನ ಕಣ್ಣಿಂದ ನೋಡೇ ಇಲ್ಲ ಸೂಜಿ, ನಿನ್ನ ಬಾಯಲ್ಲಿ ಕೇಳಿದ್ದೇ. ಒಂದು ಸಲ ನೋಡಬೇಕು. ಇವಳಿಗೂ ತೋರಿಸಬೇಕು.”

ಪುಟ್ಟಿ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಿದ್ದಳು.

“ಫೋನ್ ಬಂದ ತಾರೀಕು ನನಗೆ ಚೆನ್ನಾಗಿ ನೆನಪಿದೆ,” ಉಗಿಯಕ್ಕ ಮುಂದುವರಿಸಿದಳು. “ಅದರ ಹಿಂದಿನ ದಿನದ ಎಪಿಸೋಡು. ಪುಟ್ಟಿ ಆ ವಾರದ ಐದೂ ಹಾಕಿ ತೋರಿಸಿದಳು. ಯಾವುದರಲ್ಲೂ ಲೋಟ ಇಲ್ಲ! ಆ ದಿನದ್ದರಲ್ಲಿ ಅದ್ಯಾವುದೋ ಬೆಕ್ಕು ಕಳೆದುಹೋಗಿ ಎಲ್ಲರೂ ಹುಡುಕ್ತಾರೆ. ಬರೀ ಬೆಕ್ಕು.”

“ಹಳೇವು ಕೆಲವು ಹಾಳಾಗಿ ಹೋದವಂತೆ,” ಸೂಜಿಯಕ್ಕನ ನಾಲಿಗೆ ತಾನೇ ಹೊರಳಿತು. “ಎಲ್ಲೋ ಓದಿದೆ. ಟೇಪುಗಳು. ಅವನ್ನ ಫೋನಿಗೆ ಹಾಕೇ ಇಲ್ಲವಂತೆ.”

“ಇಲ್ಲ ಚಿಕ್ಕಮ್ಮ,” ಎಂದಳು ಪುಟ್ಟಿ ಮೆತ್ತಗೆ. “ಸಂಖ್ಯೆ ಒಂದೂ ತಪ್ಪಿಲ್ಲ. ಒಂದರಿಂದ ಕೊನೇವರೆಗೂ ಇದೆ. ನಾನು ನೋಡಿದೀನಿ.”

ಉದ್ದಿ, ಗಿಡ್ಡಿ ಮುಖ ಮುಖ ನೋಡಿಕೊಂಡರು. ಉಗಿಯಕ್ಕ ತನ್ನ ನೆತ್ತಿಯ ಮೇಲೆ ಕೈಯಿಟ್ಟುಕೊಂಡಳು. “ಹಾಗಾದರೆ ಇಲ್ಲೇ ಏನೋ ಆಗಿದೆ,” ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು.

“ನಮಗೂ ನೆನಪಿದೆಯಲ್ಲ, ಮೂರು ಜನರ ತಲೆ ಒಟ್ಟಿಗೆ ಕೆಡುತ್ತಾ?” ಎಂದಳು ಗಿಡ್ಡಿ.

“ನೀವು ಇನ್ಯಾವುದೋ ದಿನದ್ದು ಕೇಳಿರ್ತೀರ. ನಾನೇ ಅದನ್ನ ಫೋನ್ ಬಂದ ದಿನಕ್ಕೆ ಜೋಡಿಸಿಕೊಂಡಿದೀನೋ ಏನೋ,” ಎಂದಳು ಉಗಿಯಕ್ಕ.

ಸೂಜಿಯಕ್ಕ ಮೊಮ್ಮಗುವಿನ ನೆಪ ಹೇಳಿ ಎದ್ದಳು.

*

ಮೂರು ದಿನ ಅವಳಿಗೆ ಅನ್ನ ಇಳಿಯಲಿಲ್ಲ. “ಏನಾಯಿತಮ್ಮ?” ಎಂದು ಮಗಳು ಕೇಳಿದರೆ, ಅದೇ ಮರವಾಗಿ ನಿಂತಿದ್ದ ಮಗಳು, ಸೂಜಿಯಕ್ಕ ತಟ್ಟೆ ಎತ್ತಿಕೊಂಡು ಎದ್ದುಬಿಡುತ್ತಿದ್ದಳು. ಹುಡುಗಿಯ ತಪ್ಪೇನಿದೆ? ಆದರೆ ಅವಳನ್ನು ಕಂಡಾಗಲೆಲ್ಲ ಅದೇ ವಯಸ್ಸಿನ ಇನ್ನೊಬ್ಬಳು ನೆನಪಾಗುತ್ತಿದ್ದಳು. ಆ ಶನಿವಾರ ಒಬ್ಬಳು ಬಣ್ಣದ ಕಾಗದದ ಎಲೆ ಅಂಟಿಸಿಕೊಂಡು ವೇದಿಕೆಯ ಮೇಲೆ ನಿಂತಿದ್ದಾಗ, ಇನ್ನೊಬ್ಬಳು ಜ್ವರದ ತಾಯಿಯ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಿರಬೇಕು.

ನಾಲ್ಕನೇ ದಿನ ಕನ್ನಡಕದ ಅಂಗಡಿಗೆ ಹೋದಳು. ಕನ್ನಡಕ ಬದಲಿಸುವುದಿತ್ತು ಎಂಬುದು ನಿಜವೇ, ಎರಡು ವರ್ಷದಿಂದಲೂ ಇತ್ತು. ಪುಟ್ಟಿ ಬಿಳಿ ಕೋಟು ಹಾಕಿಕೊಂಡು ಅವಳನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರದ ಚೌಕಟ್ಟು ಇಟ್ಟು, ಒಂದೊಂದೇ ಗಾಜು ಜಾರಿಸುತ್ತ ಹೋದಳು.

“ಇದು ಸ್ಪಷ್ಟವಾ, ಇದಾ?”

“ಮೊದಲನೇದು.”

“ಈಗ?”

“ಎರಡೂ ಒಂದೇ ಥರ ಇದೆಯಮ್ಮ.”

“ಒಂದೇ ಥರ ಇದ್ದರೆ ಹಾಗೇ ಹೇಳಿ ಚಿಕ್ಕಮ್ಮ. ಜನ ನಮಗೆ ಬೇಜಾರಾಗುತ್ತೆ ಅಂತ ಸುಳ್ಳು ಹೇಳ್ತಾರೆ. ಆಮೇಲೆ ತಪ್ಪು ಕನ್ನಡಕ ಹಾಕಿಕೊಂಡು ತಲೆನೋವು ಅಂತ ಬರ್ತಾರೆ.”

ಗಾಜು ಬದಲಿಸುತ್ತಲೇ ಅವಳು ಹೇಳಿದಳು: “ದೊಡ್ಡಮ್ಮ ಮರೆವಿನ ಡಾಕ್ಟರ ಹತ್ತಿರ ಕರಕೊಂಡು ಹೋಗು ಅಂತಿದಾರೆ. ಶುಕ್ರವಾರಕ್ಕೆ ಹೇಳಿದೀನಿ. ಮನೇಲಿ ಗ್ಯಾಸ್ ಆಫ್ ಮಾಡಿದೀನಾ ಅಂತ ನಾಲ್ಕು ನಾಲ್ಕು ಸಲ ಎದ್ದು ನೋಡ್ತಾರೆ. ನಿನ್ನೆ, ನಿನ್ನ ಅಮ್ಮನ ಮುಖ ಹೇಗಿತ್ತು ಹೇಳು, ನನಗೆ ನೆನಪಿರೋದು ಸರಿಯಾ ನೋಡೋಣ ಅಂದರು.”

ಸೂಜಿಯಕ್ಕ ಚೌಕಟ್ಟಿನ ಹಿಂದೆ ಕಣ್ಣು ಮುಚ್ಚಿದಳು.

“ಕಣ್ಣು ತೆಗೀರಿ. ಕೆಳಗಿನ ಸಾಲು ಓದಿ,” ಎಂದಳು ಪುಟ್ಟಿ. ಆಮೇಲೆ ದನಿ ತಗ್ಗಿಸಿ, “ನಿಮ್ಮ ಹತ್ತಿರ ಹೇಳ್ತೀನಿ. ಇಲ್ಲಿಗೆ ಬಂದ ಮೊದಲನೇ ವಾರವೇ ಕೇಳಿದ್ದೆ, ಅಮ್ಮ ಅಷ್ಟು ದಿನ ಮಲಗಿದ್ದಳು, ನೀವು ಯಾಕೆ ಬರಲಿಲ್ಲ ಅಂತ. ಅವಳು ಬಾಗಿಲ ಕಡೆಗೇ ಮುಖ ಮಾಡಿ ಮಲಗ್ತಿದ್ದಳು, ಬೇರೆ ಮಗ್ಗುಲಿಗೆ ಹೊರಳಿಸಿದರೆ ಬೈತಿದ್ದಳು. ದೊಡ್ಡಮ್ಮ ಏನಂದರು ಗೊತ್ತಾ? ಒಂದು ಸೀರಿಯಲ್ ನೋಡು, ನಿನಗೇ ತಿಳಿಯುತ್ತೆ ಅಂದರು. ನಾನೂ ಒಂಬತ್ತು ದಿನ ಹೊಸ್ತಿಲಲ್ಲಿ ಲೋಟ ತುಂಬಿಟ್ಟು ಕಾದೆ ಅಂದರು. ಸರಿ ಅಂತ ಹುಡುಕಿದೆ. ಈಗ ನೋಡಿದರೆ ಅದೇ ಇಲ್ಲ.” ಅವಳು ಒಂದು ಗಾಜನ್ನು ಬಟ್ಟೆಯಿಂದ ಒರೆಸಿದಳು. “ಡಾಕ್ಟರು ಮರೆವು ಅಂತ ಹೇಳಿದರೆ ಸಮಾಧಾನ ಮಾಡಿಕೊಳ್ತೀನಿ. ಮರೆವಲ್ಲ ಅಂದರೆ, ನನಗೆ ಹೇಳೋಕೆ ಅಂತ ಕತೆ ಕಟ್ಟಿದರು ಅಂತಾಯ್ತಲ್ಲ.”

ಗಾಜು ಮತ್ತೆ ಮೂಗಿನ ಮುಂದೆ ಬಂತು. ಕೆಳಗಿನ ಸಾಲಿನ ಸಣ್ಣ ಅಕ್ಷರಗಳು ಸೂಜಿಯಕ್ಕನ ಮುಂದೆ ಕಲಸಿಹೋದವು.

“ಪುಟ್ಟಿ, ನೀನು ಎಷ್ಟು ಹೊತ್ತಿಗೆ ಮನೆಗೆ ಹೋಗ್ತೀಯ?”

“ಐದಕ್ಕೆ.”

“ನಾನೂ ಬರ್ತೀನಿ. ಇಲ್ಲೇ ಕಾಯ್ತೀನಿ.”

“ಇನ್ನೂ ಎರಡು ಗಂಟೆ ಇದೆ ಚಿಕ್ಕಮ್ಮ!”

“ಕಾಯ್ತೀನಿ. ಈಗ ಹೊರಗೆ ಹೋದರೆ ನನ್ನ ಕಾಲು ನಮ್ಮನೆ ದಾರಿ ಹಿಡಿಯುತ್ತೆ.”

*

ಉಗಿಯಕ್ಕ ಪುಟ್ಟಿಯ ಇನ್ನೊಂದು ಬಿಳಿ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು. ಮೇಜಿನ ಮೇಲೆ ಕಂಬಳಿ, ಅದರ ಮೇಲೆ ಹಳೇ ಬೆಡ್‌ಶೀಟು. ಅಷ್ಟು ವರ್ಷ ರೋಲರ್ ನಡೆಸಿದವಳಿಗೆ ಈ ಪುಟ್ಟ ಇಸ್ತ್ರಿಪೆಟ್ಟಿಗೆ ಆಟದ ಸಾಮಾನು.

“ಬಾರೇ ಸೂಜಿ! ಏನು ಇಬ್ಬರೂ ಜೊತೆಯಾಗಿ? ಕೂತುಕೋ, ಈ ಕಾಲರ್ ಮುಗಿಸಿ ಚಹಾ ಇಡ್ತೀನಿ.”

“ಚಹಾ ಬೇಡ ಅಕ್ಕ. ಕೂರೋದೂ ಇಲ್ಲ.” ಸೂಜಿಯಕ್ಕ ಬಾಗಿಲ ಹತ್ತಿರವೇ ನಿಂತಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು, ಒಂದೂ ಉಳಿದಿರಲಿಲ್ಲ. “ಲೋಟದ ಎಪಿಸೋಡು ಇಲ್ಲ. ಅದು ಟೀವಿಯಲ್ಲಿ ಬರಲೇ ಇಲ್ಲ. ಹಿಂದಿನ ದಿನ ನಮ್ಮಲ್ಲಿ ಕರೆಂಟ್ ಇರಲಿಲ್ಲ, ನಾನು ನೋಡಿರಲಿಲ್ಲ. ಅಲ್ಲೇ ಕೂತು ಕಟ್ಟಿ ಹೇಳಿದೆ.”

ಇಸ್ತ್ರಿಪೆಟ್ಟಿಗೆ ಕಾಲರಿನ ಮೇಲೆ ಹೋಗಿ ಬಂತು. ಮತ್ತೊಮ್ಮೆ ಹೋಗಿ ಬಂತು.

“ನೀನು ಕಟ್ಟಿದ್ದಾ? ಅಷ್ಟೂ?”

“ಅಷ್ಟೂ.”

“ಕೀಲಿಯಮ್ಮ ಹೇಳಿದ್ದು?”

“ಅದೂ ನಾನೇ.” ಇಲ್ಲಿಗೆ ನಿಲ್ಲಿಸಬಹುದಿತ್ತು. ಇಷ್ಟಕ್ಕೇ ನಿಂತಿದ್ದರೆ ಬರೀ ಕತೆ ಕಟ್ಟಿದ ತಪ್ಪು. ಉಗಿಯಕ್ಕ ಬೈದು, ನಕ್ಕು, ಮರೆತೂಬಿಡುತ್ತಿದ್ದಳೇನೋ. ಸೂಜಿಯಕ್ಕ ಗೋಡೆಗೆ ಕೈ ಊರಿದಳು. “ಸುಮ್ಮನೆ ಬಾಯಿಗೆ ಬಂದ ಮಾತಲ್ಲ ಅಕ್ಕ. ನೀನು ರಜೆ ಹಾಕಿದ್ರೆ ನಾನು ರೋಲರಿಗೆ ನಿಲ್ಲಬೇಕಾಗಿತ್ತು. ಹೆದರಿಕೆ ಇತ್ತು. ಶನಿವಾರ ಮಗಳ ನಾಟಕ ಬೇರೆ. ಮರ ಆಗಿದ್ದಳು. ನೀನು ಹೋಗದೇ ಇರಲಿ ಅಂತಲೇ ಕೀಲಿಯಮ್ಮನ ಬಾಯಲ್ಲಿ ಹಾಗೆ ಹೇಳಿಸಿದೆ.”

ಪುಟ್ಟಿ ಚೀಲವನ್ನು ಹೆಗಲಿಂದ ಇಳಿಸದೆ ಹಾಗೇ ನಿಂತಿದ್ದಳು.

ಉಗಿಯಕ್ಕ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಸ್ವಿಚ್ ಆರಿಸಿದಳು. ಕೋಟನ್ನು ಎತ್ತಿ ತೋಳಿನ ಹೊಲಿಗೆಗೆ ಹೊಲಿಗೆ ಕೂಡಿಸಿ ಮಡಿಸಿದಳು. ಬಹಳ ನಿಧಾನ.

“ಚೆನ್ನಾಗಿ ಮಾಡಿದಳಾ?” ಎಂದು ಕೇಳಿದಳು.

“ಏನು?”

“ಮರ.”

“ಮಾಡಿದಳು,” ಎಂದಳು.

“ಸರಿ.”

ಬೀದಿಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು. ಅದು ಶುರುವಾಗಿ ದೂರ ಹೋಯಿತು.

“ಪುಟ್ಟಿ, ಶುಕ್ರವಾರ ಡಾಕ್ಟರು ಬೇಡ,” ಎಂದಳು ಉಗಿಯಕ್ಕ. “ನನ್ನ ತಲೆ ಸರಿಯಾಗೇ ಇದೆ. ಬಾ, ಇಲ್ಲಿ ಕೂತುಕೋ.” ಪುಟ್ಟಿ ಕೂರಲಿಲ್ಲ. “ನಿಂತೇ ಕೇಳು ಹಾಗಾದರೆ. ನಿಮ್ಮ ಊರಿಗೆ ಬೆಳಿಗ್ಗೆ ಆರಕ್ಕೆ ಒಂದು ಬಸ್ಸು, ಒಂಬತ್ತಕ್ಕೆ ಒಂದು. ಇವಳು ಕತೆ ಹೇಳಿದ ಮೇಲೂ ಬಸ್ಸು ನಿಂತಿರಲಿಲ್ಲ. ಒಂಬತ್ತು ದಿನಕ್ಕೆ ಹದಿನೆಂಟು ಬಸ್ಸು ಹೋದವು. ಆರರ ಬಸ್ಸು ನಮ್ಮ ಬೀದಿ ತುದಿಯಲ್ಲೇ ಹಾರ್ನ್ ಹೊಡೀತಿತ್ತು. ನನಗೆ ಎಚ್ಚರವಾಗ್ತಿತ್ತು. ಮಗ್ಗುಲು ಬದಲಿಸ್ತಿದ್ದೆ.”

“ದೊಡ್ಡಮ್ಮ…”

“ಇರು. ನಿಮ್ಮಮ್ಮ ಬಂದು ನನ್ನ ಕೈ ಹಿಡೀಲಿ, ಈ ಕೈ ಹಿಡೀಲಿ ಅಂತ ಇತ್ತು ನನಗೆ. ಕಾಯಿಲೆಯವಳು ಹೇಗೆ ಬರ್ತಾಳೆ ಅಂತ ಯೋಚನೆ ಮಾಡೋಕೆ ನನಗೆ ಇಷ್ಟ ಇರಲಿಲ್ಲ. ಹೋಗಬೇಡ ಅಂತ ಯಾರಾದರೂ ಹೇಳಲಿ ಅಂತ ಕಾಯ್ತಿದ್ದೆ. ಕೀಲಿಯಮ್ಮ ಹೇಳದೇ ಇದ್ದಿದ್ರೆ ಹಾಲಿನವಳ ಬಾಯಲ್ಲಾದರೂ ಆ ಮಾತು ಹೇಳಿಸ್ತಿದ್ದೆ. ಇಷ್ಟು ವರ್ಷ ಅದನ್ನ ಕೀಲಿಯಮ್ಮನ ತಲೆಗೆ ಕಟ್ಟಿ ನಾನು ಹಗುರಾಗಿದ್ದೆ. ನಿನಗೂ ಅದನ್ನೇ ತೋರಿಸಿ ಕೈ ತೊಳೆದುಕೊಳ್ಳೋಣ ಅಂತಿದ್ದೆ.”

ಸೂಜಿಯಕ್ಕನಿಗೆ ಒಂದು ಕ್ಷಣ, ಒಂದೇ ಒಂದು ಕ್ಷಣ, ಎದೆಯ ಕಲ್ಲು ಜಾರಿದ ಹಾಗಾಯಿತು. ಉಗಿಯಕ್ಕ ಅವಳ ಕಡೆ ತಿರುಗಿದಳು.

“ಆದರೂ ನೀನು ಹಾಗೆ ಹೇಳಬಾರದಿತ್ತು ಸೂಜಿ.”

“ಹೌದು ಅಕ್ಕ.”

“ನಾನು ನಿನ್ನ ಕೇಳಿದ್ದೆ. ಏನಂತೀಯ ಅಂತ, ಬಾಯಿ ಬಿಟ್ಟು ಕೇಳಿದ್ದೆ. ರೋಲರಿಗೆ ಹೆದರಿಕೆ ಆಗುತ್ತೆ ಕಣೇ ಅಂದಿದ್ರೆ ಸೂಪರ್‌ವೈಸರನ ಕಾಲು ಹಿಡಿದಾದರೂ ಬೇರೆಯವರನ್ನ ಹಾಕಿಸ್ತಿದ್ದೆ. ಮಗಳ ನಾಟಕ ಅಂದಿದ್ರೆ ಭಾನುವಾರ ಹೋಗ್ತಿದ್ದೆ. ಭಾನುವಾರ ಹೋಗಿದ್ರೂ ಸಿಗ್ತಿದ್ದಳು.”

ಸೂಜಿಯಕ್ಕ ಇಷ್ಟು ವರ್ಷ ಎಷ್ಟೋ ಲೆಕ್ಕ ಹಾಕಿದ್ದಳು, ಭಾನುವಾರ ಮಾತ್ರ ಅವಳಿಗೆ ಹೊಳೆದಿರಲಿಲ್ಲ. “ಕ್ಷಮಿಸು” ಎಂಬ ಮಾತು ತುಟಿಗೆ ಬಂತು. ಅದನ್ನು ಆಡಿದರೆ ಉಗಿಯಕ್ಕ ಏನಾದರೂ ಹೇಳಲೇಬೇಕಾಗುತ್ತದೆ, ಆಗಲ್ಲ ಎನ್ನಬೇಕು ಇಲ್ಲವೇ ಆಯಿತು ಎನ್ನಬೇಕು. ಈ ಹೊತ್ತಿನಲ್ಲಿ ಅವಳಿಂದ ಅದನ್ನೂ ಕೇಳುವುದು ಅತಿಯಾಯಿತು ಅನ್ನಿಸಿ ನುಂಗಿಕೊಂಡಳು.

“ಈಗ ಹೋಗು,” ಎಂದಳು ಉಗಿಯಕ್ಕ. “ನಾನಾಗಿ ಕರೆಯೋವರೆಗೆ ಬರಬೇಡ. ಕರೀತೀನೋ ಇಲ್ಲವೋ ನನಗೇ ಗೊತ್ತಿಲ್ಲ. ಉದ್ದಿಗೂ ಗಿಡ್ಡಿಗೂ ನೀನೇ ಹೇಳು. ನಾನು ಹೇಳಲ್ಲ.”

“ಹೇಳ್ತೀನಿ.”

“ಗಿಡ್ಡಿ ನಂಬಲ್ಲ. ಆ ಎಪಿಸೋಡು ತಾನೇ ನೋಡಿದೀನಿ ಅಂತಾಳೆ, ನೋಡು ಬೇಕಾದರೆ.” ಉಗಿಯಕ್ಕನ ತುಟಿಯಂಚಿಗೆ ನಗುವಿನಂಥದ್ದು ಬಂದು, ಅಲ್ಲೇ ಮುಖ ಮುದುಡಿತು. ಮಡಿಸಿದ ಕೋಟನ್ನು ಎದೆಗವಚಿಕೊಂಡು ಒಳಕೋಣೆಗೆ ಹೋದಳು.

ಸೂಜಿಯಕ್ಕ ಚಪ್ಪಲಿ ಮೆಟ್ಟಿ ಮೆಟ್ಟಿಲು ಇಳಿದಳು. ಅರ್ಧ ಇಳಿಯುವಷ್ಟರಲ್ಲಿ ಹಿಂದೆ ಪುಟ್ಟಿಯ ಹೆಜ್ಜೆ ಕೇಳಿಸಿತು. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಗೇಟಿನ ಹತ್ತಿರ ಹುಡುಗಿ ಮುಂದೆ ಬಂದು ಅಡ್ಡ ನಿಂತಳು. ಕಣ್ಣು ಕೆಂಪಾಗಿತ್ತು, ಆದರೆ ದನಿ ಅಂಗಡಿಯಲ್ಲಿ ಗಾಜು ಬದಲಿಸುವಾಗಿನ ದನಿಯೇ.

“ನಾನು ಇಷ್ಟು ವರ್ಷ ಒಬ್ಬರ ಮೇಲೇ ಸಿಟ್ಟು ಮಾಡಿಕೊಂಡು ಬಂದೆ ಚಿಕ್ಕಮ್ಮ. ಅಷ್ಟೂ ದೊಡ್ಡಮ್ಮನ ಮೇಲೆ. ಹೊರೋಕೆ ಆಗದಷ್ಟಿತ್ತು.”

“ಗೊತ್ತು ತಾಯಿ.”

“ಇವತ್ತಿಂದ ಅದರಲ್ಲಿ ನಿಮಗೂ ಒಂದು ಪಾಲು.”

“ಕೊಡು,” ಎಂದಳು ಸೂಜಿಯಕ್ಕ. “ಮುಕ್ಕಾಲು ಕೊಡು.”

“ಅಷ್ಟು ಕೊಡಲ್ಲ. ಅರ್ಧ.” ಪುಟ್ಟಿ ಮೂಗೊರೆಸಿಕೊಂಡಳು. “ಕನ್ನಡಕ ಸೋಮವಾರ ರೆಡಿಯಾಗುತ್ತೆ. ಅಂಗಡಿಗೆ ಬಂದು ತಗೊಳ್ಳಿ. ನಾನು ಮನೆಗೆ ತಂದುಕೊಡಲ್ಲ.”

“ಬರ್ತೀನಿ.”

ಹುಡುಗಿ ಎರಡೆರಡು ಮೆಟ್ಟಿಲು ಹಾರುತ್ತ ಮೇಲೆ ಹೋದಳು. ಬಾಗಿಲು ಹಾಕಿಕೊಂಡ ಸದ್ದಾಯಿತು. ಸೂಜಿಯಕ್ಕ ಸ್ವಲ್ಪ ಹೊತ್ತು ಗೇಟು ಹಿಡಿದು ನಿಂತಿದ್ದು, ಆಮೇಲೆ ಗಿಡ್ಡಿಯ ಮನೆಯ ದಾರಿ ಹಿಡಿದಳು.